ಔಷಧದಾನವೂ ಅಭಯದಾನವೂ: ಹೃದಯದ ಹೊಸ ಮದ್ದನ್ನು ಕುರಿತು ಒಂದು ಆಕ್ಷೇಪ



ಹೃದಯಾಘಾತಕ್ಕೆ ತುತ್ತಾದವನ ಹಾಸಿಗೆಯ ಬಳಿ ನಿಂತು, ಕೊಡುತ್ತಿರುವ ಚುಚ್ಚುಮದ್ದು ಯಾವ ಪ್ರಾಣಿಯಿಂದ ಬಂತೆಂದು ವಿಚಾರಿಸುವುದು ಅಹಿಂಸೆಯೆನಿಸದು. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಹೆಪಾರಿನ್ ಬಹುಪಾಲು ಹಂದಿಯ ಕರುಳಿನ ಒಳಪೊರೆಯಿಂದ ತೆಗೆದದ್ದು. ಇದು ಕಹಿಯಾದ ಸತ್ಯ. ಆದರೆ ರಕ್ತನಾಳ ಮುಚ್ಚಿದ ಮೇಲೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಹೋಳೂರಿನಿಂದ ಕೋಲಾರದ ಜಿಲ್ಲಾಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ರೋಗಿಯನ್ನು ಹೊತ್ತು ತಂದ ಮನೆಯವರಿಗೆ ಅದು ಶಾಸ್ತ್ರಚರ್ಚೆಯ ಹೊತ್ತಲ್ಲ. ಆ ಪ್ರಶ್ನೆಗೆ ಬೇರೊಂದು ಸ್ಥಳವುಂಟು, ಬೇರೊಂದು ಕಾಲವುಂಟು. ಆ ಕಾಲ ಈಗ ಬಂದಿದೆ. ಆದರೂ ನಮ್ಮ ಬಸದಿಗಳ ಟ್ರಸ್ಟುಗಳು ಬಾಯಿ ತೆರೆದಿಲ್ಲ.

ಘಾಸಿಗೊಂಡ ಹೃದಯಕ್ಕೆ ನ್ಯಾನೋ ಕಣಗಳ ಮೂಲಕ ಔಷಧ ಮುಟ್ಟಿಸುವ ವಿದ್ಯೆ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ; ಒಂದು ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ವಯಸ್ಕರ ಹೃದಯಸ್ನಾಯುವಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದರಷ್ಟು ಜೀವಕೋಶಗಳೂ ಹೊಸದಾಗಿ ಹುಟ್ಟುವುದು ಕಷ್ಟ. ಸತ್ತ ಭಾಗ ಕಲೆಗಟ್ಟಿ ಬಿರುಸಾಗುತ್ತದೆ, ಉಳಿದ ಭಾಗ ಬಳಲುತ್ತದೆ. ನುಂಗಿದ ಮದ್ದಾದರೋ ಮೈಯೆಲ್ಲ ಹಂಚಿಹೋಗುತ್ತದೆ. ಗಾಯಗೊಂಡ ಜಾಗದ ರಕ್ತನಾಳಗಳು ಕೆಲದಿನ ಸೋರುವಂತಿರುವುದರಿಂದ, ಸುಮಾರು ನೂರು ನ್ಯಾನೋಮೀಟರಿನ ಕಣದೊಳಗೆ ಮದ್ದನ್ನು ಅಡಗಿಸಿ ಕಳುಹಿಸಿದರೆ ಅದು ಅಲ್ಲಿಯೇ ನುಸುಳಿ ನಿಲ್ಲಬಹುದೆಂಬುದು ವಿಜ್ಞಾನಿಗಳ ಯುಕ್ತಿ. ಚುಚ್ಚಿದ ಕಣಗಳಲ್ಲಿ ಹೆಚ್ಚಿನವನ್ನು ಯಕೃತ್ತೂ ಗುಲ್ಮವೂ ದಾರಿಯಲ್ಲೇ ಹಿಡಿದುಬಿಡುತ್ತವೆ. ಹೃದಯಾಘಾತದ ರೋಗಿಗಳಿಗೆ ಇದು ಇನ್ನೂ ವಾಡಿಕೆಯ ಚಿಕಿತ್ಸೆಯಾಗದಿರುವುದಕ್ಕೆ ಈ ತೊಡಕೂ ಒಂದು ಕಾರಣ.

ವಾಡಿಕೆಯಾಗಿಲ್ಲವೆಂಬುದೇ ನಮಗೆ ದೊರೆತ ಅವಕಾಶ. ಹೆಪಾರಿನ್ನಿನ ಮೂಲ ಎಂದೋ ನಿಶ್ಚಯವಾಗಿಹೋಯಿತು. ಈ ಕಣದ ಹೊದಿಕೆ ಯಾವುದರದಾಗಿರಬೇಕೆಂಬುದು ಇನ್ನೂ ನಿಶ್ಚಯವಾಗಿಲ್ಲ. ದನ, ಹಂದಿಗಳ ಮೂಳೆ ಚರ್ಮಗಳಿಂದ ತೆಗೆದ ಜೆಲಾಟಿನ್ ಒಂದು ಆಯ್ಕೆ. ಮೊಟ್ಟೆಯ ಹಳದಿಯ ಲೆಸಿಥಿನ್ ಇನ್ನೊಂದು. ಇವಿಲ್ಲದೆ ನಡೆಯದೆಂದು ಹೇಳುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾಕ್ಸಿಲ್ ಎಂಬ ಕ್ಯಾನ್ಸರ್ ಮದ್ದು ನ್ಯಾನೋ ಔಷಧಗಳಲ್ಲಿ ಮೊದಲನೆಯದೆನಿಸಿದೆ. ಒಳಗಿನ ಡಾಕ್ಸೊರುಬಿಸಿನ್ ಹೃದಯವನ್ನು ಕೆಡಿಸುವಂಥದು. ಆ ಕೇಡನ್ನು ತಗ್ಗಿಸಲೆಂದೂ ಅದಕ್ಕೆ ಹೊದಿಕೆ ತೊಡಿಸಿದರು. ಆ ಹೊದಿಕೆಯ ಮುಖ್ಯ ಮೇದಸ್ಸು ಸೋಯಾ ಅವರೆಯದು. 2018ರಲ್ಲಿ ಇಟಲಿಯ ವಿಜ್ಞಾನಿಗಳು ಉಸಿರಿನ ಮೂಲಕ ಹೃದಯಕ್ಕೆ ಮದ್ದು ಮುಟ್ಟಿಸಲು ಬಳಸಿದ ಕಣಗಳು ಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಖನಿಜದವು.

ರೇಷ್ಮೆಯ ಮಾತನ್ನು ತುಸು ವಿಸ್ತರಿಸಬೇಕು, ಏಕೆಂದರೆ ಅದು ಕೋಲಾರ ಸೀಮೆಯ ಮನೆಮಾತು. ರೇಷ್ಮೆಯ ಫೈಬ್ರೋಯಿನ್ ಎಂಬ ಸಸಾರಜನಕದಿಂದ ಮದ್ದು ಹೊರುವ ಕಣಗಳನ್ನೂ ಹೃದಯಕ್ಕೆ ಹಚ್ಚುವ ತೇಪೆಗಳನ್ನೂ ಮಾಡುವ ಪ್ರಯೋಗಗಳು ನಡೆದಿವೆ. ನೂಲು ಬಿಚ್ಚುವವರು ಗೂಡಿನೊಳಗಿನ ಜೀವವನ್ನು ಬಿಸಿಯಲ್ಲಿ ಕೊಲ್ಲುವುದು ಎಳೆ ತುಂಡಾಗಬಾರದೆಂದು. ಕಣ ಮಾಡುವವರಿಗೆ ಉದ್ದದ ಎಳೆ ಏತಕ್ಕೆ? ಅವರು ರೇಷ್ಮೆಯನ್ನು ಕರಗಿಸಿಯೇ ಬಿಡುತ್ತಾರೆ. ಬಿತ್ತನೆ ಕೋಠಿಗಳಲ್ಲಿ ಚಿಟ್ಟೆ ತಾನೇ ತೂತು ಮಾಡಿ ಹೊರಬಂದ ಗೂಡುಗಳು ಸಿಗುತ್ತವೆ. ಈ ಕಾರ್ಯಕ್ಕೆ ಅವೇ ಸಾಕು. ಅಲ್ಲಿಯೂ ರೋಗಪರೀಕ್ಷೆಗಾಗಿ ತಾಯಿ ಚಿಟ್ಟೆಯನ್ನು ಅರೆಯುತ್ತಾರಾದ್ದರಿಂದ ಅವನ್ನು ಪೂರ್ಣ ನಿರ್ದೋಷವೆನ್ನಲಾರೆವು. ಆದರೆ ಕುದಿಸಿದ ಗೂಡಿಗೂ ತೆರೆದ ಗೂಡಿಗೂ ಇರುವ ಅಂತರವನ್ನು ಪ್ರಯೋಗಾಲಯಕ್ಕೆ ತಿಳಿಸುವವರಾದರೂ ಬೇಡವೇ? ನಾವಲ್ಲದೆ ಇನ್ನಾರು ತಿಳಿಸಿಯಾರು?

ಹೊದಿಕೆಗಿಂತಲೂ ಕಠಿನವಾದದ್ದು ಪರೀಕ್ಷೆಯ ಪ್ರಶ್ನೆ. ಇಲಿಯ ಎದೆ ಸೀಳಿ ರಕ್ತನಾಳಕ್ಕೆ ದಾರ ಬಿಗಿದು, ಹಂದಿಯ ರಕ್ತನಾಳದಲ್ಲಿ ಬಲೂನು ಉಬ್ಬಿಸಿ, ಆರೋಗ್ಯವಾಗಿದ್ದ ಹೃದಯಕ್ಕೆ ಆಘಾತ ಮಾಡಿ ಆಮೇಲೆ ಮದ್ದನ್ನು ನೋಡುತ್ತಾರೆ. ಮೇಲೆ ಹೊಗಳಿದ ಖನಿಜಕಣಗಳೂ ಇಲಿ ಹಂದಿಗಳ ಮೇಲೆ ಪರೀಕ್ಷಿತವಾದವೇ. ಇದು ಸಂಕಲ್ಪಿ ಹಿಂಸೆಯೇ, ಆರಂಭಿ ಹಿಂಸೆಯೇ ಎಂದು ಪಂಡಿತರು ತೂಗಿ ನೋಡಲಿ. ಕೊಳ್ಳುವವನ ಕೈ ಅದರಿಂದ ಪೂರ್ತಿ ಹೊರಗುಳಿಯದು. ದಾರಿಗಳು ಇಲ್ಲದಿಲ್ಲ. 2022ರ ಕೊನೆಯಲ್ಲಿ ಅಮೆರಿಕವು ಹೊಸ ಮದ್ದಿಗೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ ನಿಯಮವನ್ನು ತೆಗೆದುಹಾಕಿತು. 2023ರಲ್ಲಿ ಭಾರತವೂ ತನ್ನ ನಿಯಮಗಳನ್ನು ತಿದ್ದಿ, ಮಾನವ ಜೀವಕೋಶಗಳಿಂದ ಬೆಳೆಸಿದ ಪುಟ್ಟ ಅಂಗರಚನೆಗಳಂಥ ಕ್ರಮಗಳಿಗೆ ಮಾನ್ಯತೆ ಕೊಟ್ಟಿತು. ಮಾನ್ಯತೆ ಇದೆ, ಅದನ್ನು ಬಳಸಬೇಕೆಂದು ಒತ್ತಾಯಿಸುವವರಿಲ್ಲ.

ಸರ್ಕಾರ ನೋಡಿಕೊಳ್ಳುತ್ತದೆಂದು ಕೈಕಟ್ಟಿ ಕೂರುವವರು ಈ ಮೊಕದ್ದಮೆಯನ್ನು ನೆನೆಯಲಿ. ಪ್ರಾಣಿಜನ್ಯ ವಸ್ತುವಿದ್ದರೆ ಪ್ರಸಾಧನ ಸಾಮಗ್ರಿಗಳ ಮೇಲೂ ಪ್ರಾಣರಕ್ಷಕವಲ್ಲದ ಔಷಧಗಳ ಮೇಲೂ ಗುರುತಿರಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯ 2002ರಲ್ಲಿ ತೀರ್ಪಿತ್ತಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬದಿಗಿರಿಸಿತು. ಅಂಥ ನಿಯಮ ಮಾಡುವುದು ನ್ಯಾಯಾಲಯದ ಕೆಲಸವಲ್ಲವೆಂದಿತು. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆಯಿದೆ. ಹೃದ್ರೋಗಿಯ ಕೈಗೆ ಬರುವ ಮದ್ದಿನ ಪೊಟ್ಟಣಕ್ಕೆ ಅಂಥದೊಂದು ಗುರುತು ಬೇಡವಾಯಿತೇ?

ಇಷ್ಟೆಲ್ಲ ಮಡಿವಂತಿಕೆ ಏಕೆ, ಜೀವ ಉಳಿದರೆ ಸಾಲದೇ ಎನ್ನುವವರು ನಮ್ಮಲ್ಲೇ ಇದ್ದಾರೆ. ಅವರು ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯನನ್ನು ಮರೆತಿದ್ದಾರೆ. ಒಂಬತ್ತನೆಯ ಶತಮಾನದ ಆ ಜೈನ ವೈದ್ಯ ಮದ್ದನ್ನೇ ತ್ಯಜಿಸಿರೆಂದು ಬೋಧಿಸಲಿಲ್ಲ. ಮಾಂಸ, ಮದ್ಯ, ಮಧುಗಳನ್ನು ಬಿಟ್ಟು ಚಿಕಿತ್ಸೆ ಸಾಧ್ಯವೆಂದು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ರಚಿಸಿದನು, ಔಷಧದಲ್ಲಿ ಮಾಂಸ ಸಲ್ಲದೆಂದು ರಾಜಸಭೆಯಲ್ಲಿ, ಇತರ ವೈದ್ಯರ ಎದುರಿನಲ್ಲಿ ವಾದಿಸಿದನು. ರೋಗಿಯ ಮಗ್ಗುಲಲ್ಲಿ ಅಡ್ಡಗಟ್ಟಿ ನಿಲ್ಲದೆ, ಮದ್ದು ಹುಟ್ಟುವಲ್ಲಿಗೇ ಹೋಗಿ ವಾದಿಸುವ ರೀತಿ ಅದು.

ಆಹಾರಾಭಯಭೈಷಜ್ಯಶಾಸ್ತ್ರದಾನವೆಂದು ನಾಲ್ಕನ್ನೂ ಒಂದೇ ಸಮಾಸದಲ್ಲಿ ಹೆಣೆದಿಟ್ಟವರು ನಮ್ಮ ಪೂರ್ವಿಕರು. ಆಸ್ಪತ್ರೆಯ ಗೋಡೆಗೆ ಅಮೃತಶಿಲೆಯ ಫಲಕ ಹಾಕಿಸಿ ಭೈಷಜ್ಯದಾನವನ್ನು ಮುಗಿಸುವ ಟ್ರಸ್ಟುಗಳು ಪಕ್ಕದಲ್ಲೇ ನಿಂತ ಅಭಯದಾನದ ಕಡೆಗೆ ಕಣ್ಣೆತ್ತುವುದಿಲ್ಲ. ಅದಕ್ಕೆ ಖರ್ಚೂ ಹೆಚ್ಚಿಲ್ಲ. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವಾಗ ಚೆಕ್ಕಿನೊಡನೆ ಒಂದು ಪತ್ರವಿರಲಿ: ಹೊದಿಕೆ ಯಾವುದರದು, ಎಷ್ಟು ಪ್ರಾಣಿಗಳು ಬಳಕೆಯಾದುವು, 2023ರ ನಿಯಮ ಒಪ್ಪಿದ ಕ್ರಮವನ್ನು ಏಕೆ ಅನುಸರಿಸಲಿಲ್ಲ ಎಂದು ಬರಹದಲ್ಲಿ ಉತ್ತರ ಬರಲಿ. ಉತ್ತರ ಬರುವವರೆಗೆ ಎರಡನೆಯ ಕಂತನ್ನು ತಡೆಹಿಡಿಯುವ ಅಧಿಕಾರ ಟ್ರಸ್ಟಿಗಳಿಗೆ ಇದ್ದೇ ಇದೆ.