ಹಿಂದಿನ ಅಚ್ಚಿನ ಅಳಲು

ದೋರನಹಳ್ಳಿಯಿಂದ ಶಹಾಪುರಕ್ಕೆ ಹತ್ತಿ ಹೇರಿಕೊಂಡು ಹೊರಟ ಸೋದರಳಿಯನ ಪಿಕಪ್ಪು ಹಿಂದಿನ ಅಚ್ಚಿನಲ್ಲಿ ಊಳಿಡತೊಡಗಿತು. ಮಿಸ್ತ್ರಿಯು ಎಣ್ಣೆ ಇಳಿಸಿದೊಡನೆ ಅದರಲ್ಲಿ ಉಕ್ಕಿನ ಪುಡಿ ಮಿನುಗಿತು. “ಡಿಫರೆನ್ಷಿಯಲ್ ಹೋಗ್ಯಾದ್ರಿ!”

ತಿರುವಿನಲ್ಲಿ ಹೊರಗಾಲಿಯು ಒಳಗಾಲಿಗಿಂತ ಹೆಚ್ಚು ದೂರ ಓಡಬೇಕಷ್ಟೆ. ಆ ಅಂತರವನ್ನು ಸರಿತೂಗಿಸುವ ಹಲ್ಲುಗಾಲಿಗಳ ಜೋಡಣೆಯನ್ನು ಫ್ರಾನ್ಸಿನ ಪೆಕರ್ ಎಂಬಾತನು 1827ರ ಸುಮಾರಿಗೆ ಉಗಿಬಂಡಿಗೆಂದು ರೂಪಿಸಿದನು. ಎತ್ತಿನ ಗಾಡಿಗೆ ಈ ಬವಣೆಯೇ ಇಲ್ಲ. ಅದರ ಗಾಲಿಗಳು ತಮ್ಮ ತಮ್ಮಷ್ಟಕ್ಕೆ ಉರುಳುತ್ತವೆ!

“ಪಿನಿಯನ್ ಒಂದನ್ನೇ ಬದಲಿಸಿದರಾಗದೇ, ಮಾವ? ಸಾಲದ ಕಂತು ಕಟ್ಟುವುದಿದೆ” ಎಂದನು ಅಳಿಯ. ಮಿಸ್ತ್ರಿ ಒಪ್ಪಲಿಲ್ಲ. ಕ್ರೌನ್, ಪಿನಿಯನ್ ಒಟ್ಟಿಗೇ ಮಸೆದ ಜೋಡಿ. ಹಳೆಯದು ಹೊಸದನ್ನು ತಿಂದುಹಾಕುವುದು. ಗುಜರಿಯ ಪೆಟ್ಟಿಗೆ ಅಗ್ಗವೇನೋ ಹೌದು. ಅದೆಷ್ಟು ಸವೆದಿದೆಯೆಂದು ಬಲ್ಲವರಾರು? ಕೊನೆಗೆ ಬೇರಿಂಗುಗಳ ಸಹಿತ ಹೊಸ ಜೋಡಿಯನ್ನೇ ತರಿಸಿದೆವು. ಹತ್ತಿಯು ಎರಡು ದಿನ ಗ್ಯಾರೇಜಿನ ಮುಂದೆಯೇ ಕಾಯಿತು.