ಬಕೆಟ್ ಎತ್ತಿದಾಗ ಕಂಡ ಸಮುದ್ರ

ಮುಂಬೈಯ ಕುರ್ಲಾದ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ಪ್ರತಿ ಜೂನ್‌ನಲ್ಲೂ ಮೇಜಿನ ಮೇಲೆ ತಳ ತೂತಾದ ಸ್ಟೀಲ್ ಹರಿವಾಣ ಇಡುತ್ತಿದ್ದೆ. ತೂತಿಗೆ ರಬ್ಬರ್ ಪೈಪು, ಪೈಪಿನ ತುದಿ ನೀರು ತುಂಬಿದ ಬಕೆಟ್‌ನೊಳಗೆ. ಹರಿವಾಣ ನಮ್ಮ ಗಲ್ಲಿ, ಪೈಪು ಗಟಾರ, ಬಕೆಟ್ ಸಮುದ್ರ. ಒಬ್ಬ ಚೊಂಬಿನಿಂದ ಮಳೆ ಸುರಿಸಿದರೆ ನೀರು ಸರಾಗವಾಗಿ ಇಳಿಯುತ್ತಿತ್ತು. ಇನ್ನೊಬ್ಬಳು ಬಕೆಟ್ ಮೇಲೆತ್ತಿದಳೋ, ಅದು ಉಬ್ಬರ. "ಟೀಚರ್, ನೀರು ವಾಪಸ್ ಬರ್ತಿದೆ!" ಎಂದು ಇಡೀ ತರಗತಿ ಎದ್ದು ನಿಲ್ಲುತ್ತಿತ್ತು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಬಿತ್ತು, ಮೀಠಿ ನದಿ ಮನೆಗಳಿಗೆ ನುಗ್ಗಿತು. ಈ ನಗರದ ಹಳೆಯ ಗಟಾರಗಳನ್ನು ಕಟ್ಟಿದ್ದು ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಸಮುದ್ರ ಇಳಿದಿರುವಾಗ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳುತ್ತದೆ; ಸುರಿಯುವಾಗ ಹಾಗೆಯೇ ಸುರಿಯುತ್ತದೆ. ಇತ್ತ ಸಮುದ್ರವೂ ಏರುತ್ತಿದೆ. ಚೊಂಬೂ ದೊಡ್ಡದಾಗುತ್ತಿದೆ, ಬಕೆಟ್ಟೂ ಮೇಲೇರುತ್ತಿದೆ.

ಮುಂಬೈಯ ಹವಾಮಾನ ಕ್ರಿಯಾಯೋಜನೆ 2022ರ ಮಾರ್ಚ್‌ನಲ್ಲಿ ಹೊರಬಂತು. ಆದರೆ ದಪ್ಪ ವರದಿ ಚಾಳಿನ ಬಾಗಿಲು ತಟ್ಟುವುದಿಲ್ಲ. ಮೊಬೈಲಿನಲ್ಲಿ ಕರಗುವ ಹಿಮ ನೋಡಿದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಆ ಹಿಮ ಯಾರದೋ. ಹೊಸ್ತಿಲು ದಾಟಿ ಬರುವ ನೀರು ನಮ್ಮದು.

ವರ್ಲಿಯ ನೆಹರು ವಿಜ್ಞಾನ ಕೇಂದ್ರ 1985ರಿಂದ ಮಕ್ಕಳಿಗೆ ಮುಟ್ಟಿ, ತಿರುಗಿಸಿ ಕಲಿಯಲು ಕೊಟ್ಟಿದೆ. ಮಳೆನೀರನ್ನು ಸಮುದ್ರಕ್ಕೆ ತಳ್ಳುವ ಲವ್‌ಗ್ರೋವ್ ಪಂಪಿಂಗ್ ಸ್ಟೇಷನ್ ಇರುವುದೂ ಅದೇ ವರ್ಲಿಯಲ್ಲಿ. ಇವೆರಡನ್ನೂ ಬೆಸೆಯುವ ದೊಡ್ಡ ಮಾದರಿಯೊಂದು ಬೇಕು: ಕೈಯಾರೆ ಉಬ್ಬರ ಎಬ್ಬಿಸಬೇಕು, ಕಾಂಡ್ಲಾ ಕಾಡು ಕಿತ್ತು ನೋಡಬೇಕು, ಪಂಪು ನಡೆಸಬೇಕು. ಅದು ಕೇಂದ್ರದೊಳಗೇ ಕೂರದೆ, ಲಾರಿಯೇರಿ ಧಾರಾವಿಗೆ, ಕುರ್ಲಾಕ್ಕೆ, ಗೋವಂಡಿಗೆ ಬರಬೇಕು. ವಿವರಣೆ ಮರಾಠಿ, ಹಿಂದಿ, ಉರ್ದು, ಕನ್ನಡದಲ್ಲೂ ಇರಬೇಕು. ಕಲಬುರಗಿಯಿಂದ ಬಂದ ಗಾರೆ ಕೆಲಸದವರೂ ಈ ಊರಿನವರೇ.

ಒಮ್ಮೆ ಹುಡುಗಿಯೊಬ್ಬಳು ಪೈಪಿನ ಬಾಯಿ ಹೆಬ್ಬೆರಳಿಂದ ಮುಚ್ಚಿದಳು. ಸಮುದ್ರ ನಿಂತಿತು, ಮಳೆ ಹರಿವಾಣದಲ್ಲೇ ತುಂಬಿತು. ತುಸು ಯೋಚಿಸಿ ಕೇಳಿದಳು: "ಈಗ ಇದನ್ನ ಹೊರಗೆ ಎತ್ತಿ ಹಾಕೋರು ಯಾರು ಟೀಚರ್?" ಈ ಪ್ರಶ್ನೆಯನ್ನು ವಾರ್ಡ್ ಕಚೇರಿಯಲ್ಲಿ ಕೇಳಬಲ್ಲ ಜನ ನಮಗೆ ಬೇಕು. ಮುಂದಿನ ಜೂನ್ ಒಳಗೆ ಆ ಬಕೆಟ್ ಅವರ ಕೈಗೆ ಕೊಡೋಣ.