ಮೇಸ್ತ್ರಿಯೂ ನಮ್ಮ ಮೋಟಾರೂ

ಮೋಟಾರು ಇಟ್ಟುಕೊಂಡವನು ಅದರ ರಿಪೇರಿಯ ಭಾರವನ್ನೆಲ್ಲ ಮೇಸ್ತ್ರಿಯ ಮೇಲೆ ಹಾಕಿ ನಿಶ್ಚಿಂತನಾಗಿರಬೇಕೋ, ಇಲ್ಲವೆ ತಾನೇ ಸ್ಪ್ಯಾನರು ಹಿಡಿದು ಅದರ ಅಡಿಗೆ ನುಸುಳಬೇಕೋ ಎಂಬುದು ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ವಾಚಕರು ಹುಬ್ಬೇರಿಸಬಹುದು. ಪಂಪ ರನ್ನರನ್ನು ಓದುವವನಿಗೆ ರೇಡಿಯೇಟರಿನ ಗೊಡವೆ ಏತಕ್ಕೆ? ಬಹಳ ಕಾಲ ನಾನೂ ಹಾಗೆಯೇ ಎಂದುಕೊಂಡಿದ್ದೆ. ಹಾಗೆಂದುಕೊಂಡಿದ್ದರಿಂದಲೇ ಒಬ್ಬ ಪ್ರಾಮಾಣಿಕ ಮನುಷ್ಯನನ್ನು ನಾಲ್ಕು ಜನರೆದುರಿಗೆ ಕಳ್ಳನೆಂದು ಕರೆದೆ. ಮೊದಲು ಆ ಸಂಗತಿಯನ್ನು ಹೇಳಿ, ಆಮೇಲೆ ನನ್ನ ಅಭಿಪ್ರಾಯವನ್ನು ಮುಂದಿಡುತ್ತೇನೆ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. ನಾಲ್ಕು ಪವರ್‌ಲೂಮುಗಳ ಸದ್ದಿನ ನಡುವೆಯೇ ನಾನು ಅಕ್ಷರ ಕಲಿತದ್ದು. ನೆಯ್ದ ಸೀರೆಗಳನ್ನು ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನ ಚಿಕ್ಕಪೇಟೆಗೆ ಸಾಗಿಸುವುದಕ್ಕಾಗಿ ನಮ್ಮ ತಂದೆಯವರು ಒಂದು ಹಳೆಯ ಟಾಟಾ ಇಂಡಿಕ ಡೀಸೆಲ್ ಕಾರನ್ನು ಕೊಂಡರು. 1998ರ ಕೊನೆಗೆ ಮಾರುಕಟ್ಟೆಗೆ ಬಂದು 2018ರಲ್ಲಿ ತಯಾರಿಕೆ ನಿಂತುಹೋದ ಈ ಕಾರು, ನಮ್ಮ ಮನೆಗೆ ಬರುವ ವೇಳೆಗೆ ಮೂವರು ಯಜಮಾನರನ್ನು ಕಂಡಿತ್ತು. ಅದರ ಆರೋಗ್ಯವೆಲ್ಲ ಊರಿನ ಒಬ್ಬ ಮೇಸ್ತ್ರಿಯವರ ಕೈಯಲ್ಲಿತ್ತು. ಬೇವಿನ ಮರದಡಿಯಲ್ಲಿ ಒಂದು ತಗಡಿನ ಶೆಡ್ಡು, ಒಂದು ಮಣೆ, ಎಣ್ಣೆ ಕುಡಿದು ಕಪ್ಪಾದ ನೆಲ. ಇಷ್ಟೇ ಅವರ ಗ್ಯಾರೇಜು. ರಸೀದಿ ಎಂಬ ಪದ್ಧತಿ ಅಲ್ಲಿಲ್ಲ. ಬಾಯಲ್ಲಿ ಹೇಳಿದ ಮೊತ್ತವನ್ನು ತಂದೆಯವರು ಎಣಿಸಿ ಕೊಡುತ್ತಿದ್ದರು.

ಎರಡು ವರ್ಷಗಳ ಕೆಳಗೆ ಒಂದು ಶನಿವಾರ ಅವರು ಇಂಜಿನ್ ಆಯಿಲು ಬದಲಾಯಿಸಿದರು. ಭಾನುವಾರ ತಂದೆಯವರು ಚಿಕ್ಕಪೇಟೆಗೆ ಹೋಗಿ ಬಂದರು. ಸೋಮವಾರ ಬೆಳಿಗ್ಗೆ ನಾನು ಏನೋ ಕುತೂಹಲಕ್ಕೆ ಬಾನೆಟ್ಟು ಎತ್ತಿ ಆಯಿಲ್ ಕಡ್ಡಿಯನ್ನು ಎಳೆದು ನೋಡಿದರೆ, ತುದಿಯಲ್ಲಿ ಕಾಡಿಗೆಯಂಥ ಕಪ್ಪು! ಸ್ನೇಹಿತನೊಬ್ಬನ ಮನೆಯ ಪೆಟ್ರೋಲ್ ಕಾರಿನಲ್ಲಿ ವಾರ ಕಳೆದರೂ ಆಯಿಲು ಜೇನಿನ ಬಣ್ಣದಲ್ಲಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಇನ್ನೇನು ಸಾಕ್ಷಿ ಬೇಕು? ನೆಟ್ಟಗೆ ಶೆಡ್ಡಿಗೆ ಹೋದೆ.

“ಏನ್ ಮೇಸ್ತ್ರೀ, ಹೊಸಾ ಆಯಿಲಿಗೆ ದುಡ್ಡು ಇಸ್ಕೊಂಡು ಹಳೇದನ್ನೇ ಬಿಟ್ಟಿದ್ದೀಯಲ್ಲ?” ಎಂದೆ. ನನಗಿಂತ ಮೂವತ್ತು ವರ್ಷ ದೊಡ್ಡವರು. ಅದುವರೆಗೆ ‘ನೀವು’ ಎನ್ನುತ್ತಿದ್ದ ನಾಲಿಗೆ ಅಂದು ಹೇಗೆ ಏಕವಚನಕ್ಕೆ ಇಳಿಯಿತೋ ನನಗೇ ತಿಳಿಯದು.

ಅವರು ಬಟ್ಟೆಯ ಚೂರಿನಲ್ಲಿ ಕೈ ಒರೆಸಿಕೊಳ್ಳುತ್ತ, “ಡೀಸೆಲ್ ಗಾಡಿ ಅಲ್ವೇನಪ್ಪಾ, ಹಂಗೇ ಆಗೋದು” ಎಂದರು.

“ಕಥೆ ಹೇಳಬೇಡ” ಎಂದೆ.

ಅವರು ಮತ್ತೆ ಮಾತಾಡಲಿಲ್ಲ. ಅಲ್ಲಿ ಕುಳಿತಿದ್ದ ಗಿರಾಕಿಗಳಿಬ್ಬರು ಒಮ್ಮೆ ನನ್ನನ್ನೂ ಒಮ್ಮೆ ಅವರನ್ನೂ ನೋಡಿದರು. ಮನೆಗೆ ಬಂದು ತಂದೆಯವರಿಗೆ ಹೇಳಿದೆ. ಮಗ ಓದಿದವನು, ತಿಳಿದೇ ಹೇಳಿರಬೇಕೆಂದು ಅವರು ನಂಬಿದರು. ಹನ್ನೊಂದು ವರ್ಷದ ವ್ಯವಹಾರ ಅಂದಿಗೆ ನಿಂತಿತು.

ಮೇಸ್ತ್ರಿಯವರು ಹೇಳಿದ್ದು ಅಕ್ಷರಶಃ ಸತ್ಯ. ಡೀಸೆಲು ಉರಿಯುವಾಗ ಮಸಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಭಾಗ ಪಿಸ್ಟನ್ನಿನ ಸಂದಿನಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಆ ಮಸಿ ಇಂಜಿನ್ನಿನ ಮೈಗೆ ಅಂಟದಂತೆ ತನ್ನಲ್ಲಿಯೇ ತೇಲಿಸಿಟ್ಟುಕೊಳ್ಳುವ ಪದಾರ್ಥಗಳನ್ನು ಆಯಿಲಿನಲ್ಲಿ ಬೆರೆಸಿರುತ್ತಾರೆ. ಎಷ್ಟು ಬಸಿದರೂ ಹಳೆಯ ಆಯಿಲು ಮೂಲೆಮುಡುಕಿನಲ್ಲಿ ಕೊಂಚ ಉಳಿದೇ ಇರುತ್ತದೆ. ಹೀಗಾಗಿ ಹಳೆಯ ಡೀಸೆಲ್ ಇಂಜಿನ್ನಿಗೆ ಹೊಸ ಆಯಿಲು ಹಾಕಿ ಸ್ವಲ್ಪ ದೂರ ಓಡಿಸಿದರೆ ಸಾಕು, ಕಪ್ಪಾಗುತ್ತದೆ. ಅಂದರೆ ನಾನು ಯಾವುದನ್ನು ಕಳ್ಳತನದ ಗುರುತೆಂದುಕೊಂಡೆನೋ ಅದು ಆಯಿಲು ತನ್ನ ಕೆಲಸವನ್ನು ಮಾಡುತ್ತಿದೆ ಎಂಬುದರ ಗುರುತು. ಇದನ್ನು ನಾನು ಓದಿ ತಿಳಿದದ್ದು ಆರು ತಿಂಗಳ ನಂತರ. ಅಷ್ಟರಲ್ಲಿ ಇನ್ನೊಂದು ಪ್ರಸಂಗ ನಡೆದುಹೋಗಿತ್ತು.

ಮೇಸ್ತ್ರಿಯವರನ್ನು ಬಿಟ್ಟ ಮೇಲೆ ನಾವು ಹೆದ್ದಾರಿಯ ಬದಿಯ ಒಂದು ಗ್ಯಾರೇಜಿಗೆ ಹೋದೆವು. ಗಾಜಿನ ಬಾಗಿಲು, ಕೂರಲು ಸೋಫಾ, ಕುಡಿಯಲು ಕಾಫಿ. ಕೆಲಸ ನಡೆಯುವ ಕಡೆ ಗಿರಾಕಿಗೆ ಪ್ರವೇಶವಿಲ್ಲ. ಅಚ್ಚು ಹಾಕಿದ ಬಿಲ್ಲಿನಲ್ಲಿ ಹದಿನಾಲ್ಕು ಬಾಬುಗಳಿದ್ದುವು. ಅವುಗಳಲ್ಲಿ ಏರ್ ಫಿಲ್ಟರ್ ಬದಲಾವಣೆಯೂ ಒಂದು. ಬಿಲ್ಲಿನ ಅಂದಕ್ಕೇ ಮರುಳಾಗಿ ನಾವು ಹಣ ತೆತ್ತು ಬಂದೆವು. ಆ ಬಳಿಕ ನಾನು ಕಾರಿನ ಜೊತೆಗಿದ್ದ ಕೈಪುಸ್ತಕವನ್ನು ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದತೊಡಗಿದೆ. ಏರ್ ಫಿಲ್ಟರಿನ ಪೆಟ್ಟಿಗೆಯನ್ನು ಯಾರು ಬೇಕಾದರೂ ತೆರೆಯಬಹುದೆಂದು ತಿಳಿದಾಗ, ತೆರೆದೆ. ಒಳಗಿದ್ದ ಫಿಲ್ಟರನ್ನು ಗಾಳಿ ಹೊಡೆದು ಶುಚಿ ಮಾಡಿದ್ದರು, ಅಷ್ಟೇ. ಅದರ ಅಂಚಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ತಾರೀಖೂ ಕಿಲೋಮೀಟರೂ ಹಾಗೆಯೇ ಇದ್ದುವು. ಕೈಬರಹ ನಮ್ಮ ಹಳೆಯ ಮೇಸ್ತ್ರಿಯವರದು. ತಾವು ಹಾಕಿದ ಪ್ರತಿಯೊಂದು ಫಿಲ್ಟರಿನ ಮೇಲೂ ಹೀಗೆ ಬರೆದಿಡುವುದು ಅವರ ಪದ್ಧತಿಯೆಂಬುದು ಹನ್ನೊಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರೂ ಆ ಪೆಟ್ಟಿಗೆಯನ್ನು ತೆರೆದು ನೋಡಿರಲಿಲ್ಲ.

ಆ ಮಧ್ಯಾಹ್ನ ಫಿಲ್ಟರನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಅಂಗಳದಲ್ಲಿ ಕುಳಿತಿದ್ದೆ.

ನಮ್ಮ ತಾತನವರು ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ತಪ್ಪದೆ ಹೋಗುತ್ತಿದ್ದರು. ಎತ್ತಿನ ತುಟಿ ಸರಿಸಿ ಹಲ್ಲು ನೋಡಿ, ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ಬಾಯಿಗೂಡಿದ್ದೋ ಎಂದು ನಿಮಿಷದಲ್ಲಿ ಹೇಳುತ್ತಿದ್ದರು. ಕುಂಟಿದರೆ ಗೊರಸು ಎತ್ತಿ ನೋಡುವರು, ಮೇವು ಬಿಟ್ಟರೆ ನಾಲಗೆ ನೋಡುವರು. ಆದರೆ ಲಾಳ ಕಟ್ಟಿಸಬೇಕಾದಾಗ ಲಾಳ ಕಟ್ಟುವವನನ್ನೇ ಕರೆಯುತ್ತಿದ್ದರು; ತಾವೇ ಸುತ್ತಿಗೆ ಎತ್ತುತ್ತಿರಲಿಲ್ಲ. ಅವನು ಮೊಳೆ ಹೊಡೆಯುವಾಗ ಪಕ್ಕದಲ್ಲಿ ನಿಂತು ಎತ್ತಿನ ಹಗ್ಗ ಹಿಡಿದಿರುತ್ತಿದ್ದರು. ನಮ್ಮ ಮಗ್ಗದ ಮನೆಯಲ್ಲಿಯೂ ಅಷ್ಟೆ. ಎಳೆ ಕಡಿದರೆ ಮೆಕ್ಯಾನಿಕ್ಕಿಗೆ ಹೇಳಿಕಳುಹಿಸುವ ನೇಕಾರನನ್ನು ನಾನು ಕಂಡಿಲ್ಲ. ಜಕಾರ್ಡು ಕೆಟ್ಟಾಗ ಅದನ್ನು ತಾನೇ ಬಿಚ್ಚಿ ಹರಡಿಕೊಂಡು ಕೂರುವ ನೇಕಾರನನ್ನೂ ಕಂಡಿಲ್ಲ. ಎತ್ತಿನ ವಿಷಯದಲ್ಲಿ, ಮಗ್ಗದ ವಿಷಯದಲ್ಲಿ ನಮ್ಮ ಜನಕ್ಕೆ ಇರುವ ಈ ತಿಳಿವಳಿಕೆ ಮೋಟಾರಿನ ಬಳಿ ಬಂದೊಡನೆ ಎಲ್ಲಿ ಮಾಯವಾಗುತ್ತದೆ?

ನನ್ನ ಅಭಿಪ್ರಾಯವಿಷ್ಟು: ಕಾರಿನ ಸಣ್ಣ ಆರೈಕೆಯನ್ನು ನಾವೇ ಕಲಿಯಬೇಕು, ಆದರೆ ಹಣ ಉಳಿಸುವುದಕ್ಕಾಗಿ ಅಲ್ಲ. ಹಣ ಉಳಿಯುವುದೂ ಅಷ್ಟಕ್ಕಷ್ಟೆ. ಕಲಿಯಬೇಕಾದದ್ದು ಮೇಸ್ತ್ರಿಯ ಕೆಲಸವನ್ನು ನೋಡಿ ತಿಳಿಯುವ ಕಣ್ಣು ನಮಗೆ ಬರಲೆಂದು. ಆ ಕಣ್ಣಿಲ್ಲದವನು ಮೋಸಗಾರನನ್ನು ನಂಬುತ್ತಾನೆ, ಸಾಚಾ ಮನುಷ್ಯನನ್ನು ಬೈಯುತ್ತಾನೆ. ನಾನು ಆರು ತಿಂಗಳ ಅಂತರದಲ್ಲಿ ಎರಡನ್ನೂ ಮಾಡಿದೆ.

ಈ ವಾದಕ್ಕೆ ಒಂದು ಆಕ್ಷೇಪಣೆಯುಂಟು. ನನ್ನ ಸಹಪಾಠಿಯೊಬ್ಬನು, “ಡಾಕ್ಟರ ಹತ್ತಿರ ಹೋಗೋಕೆ ವೈದ್ಯಶಾಸ್ತ್ರ ಓದಬೇಕೇನಯ್ಯ?” ಎಂದು ಕೇಳಿದ. ಓದಬೇಕಾಗಿಲ್ಲ. ಆದರೆ ಜ್ವರ ಬಂದಾಗ ಥರ್ಮಾಮೀಟರು ನೋಡಲು ಬರುವ ತಾಯಿಯೂ, ಬರದ ತಾಯಿಯೂ ಒಂದೇ ಅಲ್ಲವಷ್ಟೆ. ಆಯಿಲ್ ಕಡ್ಡಿ ನೋಡುವುದು, ಇಂಜಿನ್ನು ತಣ್ಣಗಿರುವಾಗ ನೀರಿನ ಮಟ್ಟ ನೋಡುವುದು, ಚಕ್ರದ ಗಾಳಿ, ಬ್ಯಾಟರಿಯ ತುದಿಗೆ ಕಟ್ಟಿದ ಬಿಳಿ ಹಿಟ್ಟು—ಇವು ಥರ್ಮಾಮೀಟರಿನ ಮಟ್ಟದ ಸಂಗತಿಗಳು. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆರೆದು ಮುಖ ಸುಟ್ಟುಕೊಳ್ಳುವವರು ಇಂದಿಗೂ ಇದ್ದಾರೆಂದರೆ, ಇಷ್ಟನ್ನಾದರೂ ಯಾರಾದರೂ ಹೇಳಿಕೊಡಬೇಕಲ್ಲವೆ?

ಇದರ ಹಿಂದೆ ಇನ್ನೊಂದು ಮಾತಿದೆ, ಅದು ನಮ್ಮಂಥ ಕಲಾ ವಿದ್ಯಾರ್ಥಿಗಳಿಗೆ ಕಹಿ. ಕೈಗೆ ಮಸಿ ಹತ್ತಿದವನನ್ನು ನಾವು ಸುಲಭವಾಗಿ ‘ಅವನು’ ಎನ್ನುತ್ತೇವೆ. ಬಿಲ್ಲು ಅಚ್ಚು ಹಾಕಿ ಕೊಡುವವರು ‘ಅವರು’ ಆಗಿಬಿಡುತ್ತಾರೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ನಮ್ಮೂರಿಗೆ ದೂರವೇನಲ್ಲ. ಈ ದೇಶದಲ್ಲಿಯೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯುರೋಪು ಅಮೆರಿಕಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದವರು ಅವರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದಕ್ಕೆ ಕೈಜೋಡಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯುವ ಮಾತೂ ನಡೆದಿತ್ತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ದೊರೆಯಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂದಿತು. ವಾಲ್‌ಚಂದರ ಮೋಟಾರು ಸಂಸ್ಥೆ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಆ ಮಹನೀಯರ ಜನ್ಮದಿನದಂದು ನಾವು ವರ್ಷವರ್ಷವೂ ಭಾಷಣ ಮಾಡುತ್ತೇವೆ. ಭಾಷಣ ಮುಗಿಸಿ ಬರುವಾಗ ಗಾಡಿ ನಿಂತರೆ ರಸ್ತೆಯ ಬದಿಯಲ್ಲಿ ಕೈಕಟ್ಟಿ ನಿಲ್ಲುತ್ತೇವೆ.

ಇಷ್ಟೆಲ್ಲ ಬರೆದೆನೆಂದು ನಾನು ನಿಪುಣನಾದೆನೆಂದು ಯಾರೂ ಭಾವಿಸಬಾರದು. ಫಿಲ್ಟರಿನ ಪ್ರಸಂಗವಾದ ಮೇಲೆ ನನಗೆ ಸ್ವಾವಲಂಬನೆಯ ಹುಚ್ಚು ಹಿಡಿಯಿತು. ಇನ್ನು ಯಾರ ಹಂಗೂ ಬೇಡವೆಂದು ಸ್ಪ್ಯಾನರುಗಳ ಒಂದು ಸೆಟ್ಟು ಕೊಂಡು, ಕಾರನ್ನು ಜಾಕಿಯ ಮೇಲೆ ಎತ್ತಿ, ಅಡಿಗೆ ಮಲಗಿ, ಆಯಿಲು ಬಸಿದೆ. ಹೊಸ ಆಯಿಲು ಸೋರಬಾರದೆಂದು ಕೆಳಗಿನ ಬೋಲ್ಟನ್ನು ಮೈಯಲ್ಲಿದ್ದ ಬಲವೆಲ್ಲ ಬಿಟ್ಟು ಬಿಗಿದೆ. ‘ಕಟಕ್’ ಎಂದಿತು. ಥ್ರೆಡ್ಡು ಹೋಗಿತ್ತು. ಬೋಲ್ಟು ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಸುತ್ತುತ್ತಲೇ ಇತ್ತು. ತೊಟ್ಟು ತೊಟ್ಟಾಗಿ ಆಯಿಲು ಅಂಗಳಕ್ಕೆ ಬೀಳತೊಡಗಿತು.

ಬಸಿದ ನಾಲ್ಕೈದು ಲೀಟರು ಕರಿ ಎಣ್ಣೆಯನ್ನು ಅದಾಗಲೇ ಮನೆಯ ಹಿಂದಿನ ಮೋರಿಗೆ ಸುರಿದಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನಮ್ಮೂರಿನ ನಾಗರಕೆರೆಯ ಮೂಲಕ ಹೆಸರಘಟ್ಟಕ್ಕೂ ತಿಪ್ಪಗೊಂಡನಹಳ್ಳಿಗೂ ಹೋಗುವ ನದಿ. 1894ರಿಂದ ಹೆಸರಘಟ್ಟವೂ, 1933ರಿಂದ ತಿಪ್ಪಗೊಂಡನಹಳ್ಳಿಯೂ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಜಲಾಶಯಗಳು. ಆ ನದಿ ಈಗ ಹೆಸರಿಗಷ್ಟೇ ಉಳಿದಿದೆ ಎಂದು ತರಗತಿಯಲ್ಲಿ ಪ್ರಬಂಧ ಬರೆದು ಒಳ್ಳೆಯ ಅಂಕ ಪಡೆದವನು ನಾನೇ. ಬಳಸಿದ ಎಣ್ಣೆಯನ್ನು 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುತ್ತವೆ. ಮೇಸ್ತ್ರಿಯವರ ಶೆಡ್ಡಿನ ಹಿಂದೆ ಅದಕ್ಕೊಂದು ಡ್ರಮ್ಮಿತ್ತು. ತುಂಬಿದಾಗ ಬಂದು ಒಯ್ಯುವವರಿದ್ದರು. ನಿಯಮವನ್ನು ಓದಬಲ್ಲ ನನ್ನ ಮನೆಯಲ್ಲಿ ಡ್ರಮ್ಮಿರಲಿಲ್ಲ.

ಬೇರೆ ದಾರಿ ಕಾಣದೆ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಮೇಸ್ತ್ರಿಯವರು ತಲೆಯೆತ್ತಿ ನೋಡಿದರು. “ಬೋಲ್ಟು ಸ್ಲಿಪ್ಪಾಗಿದೆ ಅಣ್ಣಾ” ಎಂದೆ. ಹುಡುಗನೊಬ್ಬನನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ಬೋಲ್ಟಿನ ವಿಚಾರ ಒಂದು ಮಾತೂ ಆಡಲಿಲ್ಲ. ಜಾಕಿಯನ್ನು ನೋಡಿದವರೇ, “ಇದರ ಮೇಲೇ ನಿಲ್ಸಿ ಕೆಳಗೆ ಮಲಗಿದ್ಯಾ? ಸ್ಟ್ಯಾಂಡು ಕೊಡಬೇಕು ಅಂತ ಗೊತ್ತಿಲ್ವಾ? ಜಾರಿದ್ರೆ ನಿಮ್ಮಪ್ಪಂಗೆ ಯಾರು ಹೇಳ್ತಿದ್ರು?” ಎಂದು ಗದರಿಸಿದರು. ಅವರು ನನ್ನ ಮೇಲೆ ದನಿಯೆತ್ತಿದ್ದು ಅದೇ ಮೊದಲು. ಅಂದು ನನಗಿಂತ ಹೆಚ್ಚು ತಪ್ಪಿತಸ್ಥರಂತೆ ಕಂಡವರು ಬಾಗಿಲಲ್ಲಿ ನಿಂತಿದ್ದ ನಮ್ಮ ತಂದೆಯವರು. ದಪ್ಪನೆಯ ಬೋಲ್ಟೊಂದಕ್ಕೆ ಹೊಸ ಥ್ರೆಡ್ಡು ಹೊಡೆದು ಸೋರಿಕೆ ನಿಲ್ಲಿಸುವ ಹೊತ್ತಿಗೆ ಕತ್ತಲಾಗಿತ್ತು. ಹಿಂದಿನದಕ್ಕೆ ಕ್ಷಮೆ ಕೇಳಿದೆ. “ಕರ್ರಗಿದ್ರೆ ಎಲ್ಲರ್ಗೂ ಹಂಗೇ ಅನ್ಸೋದು, ಬಿಡಪ್ಪ” ಎಂದರು.

ಹೊಸ ಕಾರುಗಳ ಮಾತು ಬೇರೆ ಎಂದು ಕೆಲವರು ಹೇಳುವುದುಂಟು. ಅದು ಸುಳ್ಳೂ ಅಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ನಿಯಮಗಳಿಗೆ ತಕ್ಕ ಗಾಡಿಗಳಲ್ಲಿ ಹೊಗೆಯ ಮೇಲೂ ಇಂಧನದ ಮೇಲೂ ಕಾವಲಿರುವುದು ಕಂಪ್ಯೂಟರು. ದೀಪ ಹತ್ತಿದರೆ ಯಂತ್ರ ತಗಲಿಸಿ ಓದಬೇಕು. ಬೇವಿನ ಮರದಡಿಯವರಿಗೂ ಅದು ಕಷ್ಟವಾಗುತ್ತಿದೆ. ಆದರೆ ಆ ಕಾರುಗಳಲ್ಲೂ ಚಕ್ರಕ್ಕೆ ಗಾಳಿ ಬೇಕು, ಬ್ರೇಕಿಗೆ ದ್ರವ ಬೇಕು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಬಹಳ ಹಳೆಯದಾದರೆ ನಂದಿಬೆಟ್ಟದಂಥ ಇಳಿಜಾರಿನಲ್ಲಿ ಒತ್ತಿ ಒತ್ತಿ ಕಾದಾಗ ಒಳಗೆ ಆವಿಯೆದ್ದು ಪೆಡಲು ನೆಲ ಮುಟ್ಟೀತು. ಬದಲಾಯಿಸಿ ಎಷ್ಟು ವರ್ಷವಾಯಿತೆಂದು ಕೇಳುವುದಕ್ಕೆ ಕಂಪ್ಯೂಟರು ಬೇಡ. ಬದಲಾಯಿಸುವುದಕ್ಕೆ ಮಾತ್ರ ಪಳಗಿದ ಕೈಯೇ ಬೇಕು. ಅಲ್ಲಿ ಸ್ವಾವಲಂಬನೆ ತೋರಿಸಲು ಹೋಗುವುದು ಶುದ್ಧ ಅವಿವೇಕ.

ಈಗ ಪ್ರತಿ ಸಲ ಆಯಿಲು ಬದಲಾಯಿಸುವ ದಿನ ಮೇಸ್ತ್ರಿಯವರು ನನ್ನನ್ನು ಹೇಳಿಕಳುಹಿಸಿ ಕರೆಸಿಕೊಳ್ಳುತ್ತಾರೆ. ಬಸಿಯುವುದೂ, ಹೊಸದನ್ನು ಸುರಿಯುವುದೂ, ಫಿಲ್ಟರಿನ ಮೇಲೆ ತಾರೀಖು ಬರೆಯುವುದೂ ನನ್ನ ಕೆಲಸ. ಕೆಳಗಿನ ಬೋಲ್ಟನ್ನು ಅವರೇ ಬಿಗಿಯುತ್ತಾರೆ. ಬ್ರೇಕಿಗೆ ಕೈ ಹಚ್ಚಲು ಇನ್ನೂ ಬಿಟ್ಟಿಲ್ಲ. ಪಕ್ಕದಲ್ಲಿ ಕೂತು ನೋಡು ಎಂದು ಮಣೆ ಹಾಕಿದ್ದಾರೆ.